ಮೂವತ್ನಾಲ್ಕರ ಚೀಟಿ

ಬರ್ರಿ ಮೇಡಂ, ಒಳಗ ಬರ್ರಿ, ಚಪ್ಪಲಿ ಕಾಲಾಗ ಇರಲಿ,
ನೆಲದ ತುಂಬ ನೂಲು, ಸೂಜಿ ಬಿದ್ದಿರ್ತಾವ.
ಸೊಂಟ ಅಳಿಯಾಕ ಬಂದೀನಿ ಅಂದ್ರಿ,
ನಗು ಬಂತು, ತಪ್ಪು ತಿಳಕೋಬ್ಯಾಡ್ರಿ.
ಈ ಕೌಲ್ ಬಜಾರದಾಗ ಇಪ್ಪತ್ತಾರು ವರ್ಷ
ನಾ ಮಾಡಿದ್ದು ಅದೊಂದ ಕೆಲಸ.

ನಿಮ್ಮ ಟೇಪಿನಾಗ ಸೆಂಟಿಮೀಟರು, ನನ್ನದರಾಗ ಇಂಚು.
ಆ ಬುಕ್ಕ ತಗೀರಿ. ಅದಲ್ಲ, ನೀಲಿ ರಟ್ಟಿಂದು.
ತೊಂಬತ್ತೆಂಟನೇ ಇಸವಿ. ನೂರು ಪ್ಯಾಂಟಿಗಿ ಅರವತ್ತು
ಇಪ್ಪತ್ತೆಂಟು, ಇಲ್ಲಾ ಮೂವತ್ತು.
ಮೂವತ್ತಾರು ಅಂದ್ರ ಎರಡೋ ಮೂರೋ,
'ಅವು ಸಾವ್ಕಾರ್ರಿಗಿ' ಅಂತಿದ್ದ ಉಸ್ತಾದ್ ವಲಿಸಾಬ.
ಈಗ ಈ ವಾರದ್ದು ನೋಡ್ರಿ:
ಮೂವತ್ತಾರು, ಮೂವತ್ತೆಂಟು, ನಲವತ್ತು, ನಲವತ್ತು, ನಲವತ್ತೆರಡು.
ಇಪ್ಪತ್ತೆಂಟರ ಫರ್ಮಾ ಗೋಡಿಗಿ ನೇತಾಡತೈತಿ,
ಅದರ ಹಿಂದ ಹಲ್ಲಿ ತತ್ತಿ ಇಟ್ಟೈತಿ.
ಸಾವ್ಕಾರ್ರು ಹೆಚ್ಚಾದ್ರೇನು ಅಂದ್ರ, ಎಲ್ಲೀದು!
ಹಮಾಲರೂ ಅದ ಸೈಜು ಕೇಳ್ತಾರ.

ಯಾಕ ಅಂತ ನನ್ನ ಕೇಳ್ತೀರಲ್ಲ, ನಾನೇನ್ ಓದಿದಾಂವ?
ಮೊದಲು ಮಷಿನ್ ಕಾಲಿಂದ ಓಡ್ತಿತ್ತು.
ತುಳದು ತುಳದು ಮೀನಖಂಡ ಕಲ್ಲಾಗಿರ್ತಿದ್ವು,
ಐದು ರೊಟ್ಟಿ ಎಲ್ಲಿ ಹೋದುವೋ ಗೊತ್ತಾಗ್ತಿರಲಿಲ್ಲ.
ಆಮ್ಯಾಲ ಮೋಟರ್ ಬಂತು. ತುದಿಗಾಲು ಒತ್ತಿದ್ರ ಸಾಕು.
ಹತ್ತಕ್ಕ ಚಾ, ಹನ್ನೊಂದೂವರಿಗಿ ಮಂಡಕ್ಕಿ ಮಿರ್ಚಿ,
ಮೂರಕ್ಕ ಚಾ, ಐದಕ್ಕ, ಏಳಕ್ಕ,
ಸೀಜನ್ ಇದ್ರ ರಾತ್ರಿ ಎರಡಕ್ಕೂ,
ಚಮಚ ನಿಂದ್ರೂಹಂಗ ಸಕ್ಕರಿ.
ನಡದಾಡ್ರಿ ಅಂತೀರಿ. ಏಪ್ರಿಲ್ಲಿನಾಗ ನಮ್ಮ ಕೋಟೆಗುಡ್ಡದ ಬಂಡಿ
ರಾತ್ರಿ ಹನ್ನೊಂದಕ್ಕೂ ಬಿಸಿ ಉಸಿರು ಬಿಡತೈತಿ,
ಎಲ್ಲಿ ನಡೀಲಿ?

ನಿಮಗಿಂತ ಮೊದಲು ಇದರ ಲೆಕ್ಕ ಹಾಕಿದಾಂವ ಪುಖರಾಜ್ ಸೇಠ.
ಒಂದು ಇಂಚು ಸೊಂಟ ಬೆಳದ್ರ ಪೀಸಿಗಿ ಎಷ್ಟು ಬಟ್ಟಿ,
ಸಾವಿರ ಪೀಸಿಗಿ ಎಷ್ಟು ರೊಕ್ಕ.
ಸೊಂಟಕ್ಕ ಕೊಟ್ಟದ್ದನ್ನ ಜೇಬಿನಾಗ ಕಡೀರಿ ಅಂದ.
ಕಡದ್ವಿ. ಈಗ ಬೆರಳಿನ ಎರಡು ಗೆಣ್ಣು ಹೋಗೂದಿಲ್ಲ ಜೇಬಿನಾಗ.
ಇನ್ನೊಂದು ಮಾತು ಹೇಳಿದ:
'ಮೂವತ್ತಾರು ಹೊಲಿ, ಮೂವತ್ನಾಲ್ಕರ ಚೀಟಿ ಹಚ್ಚು,
ಗಿರಾಕಿ ನಕ್ಕೋಂತ ಹೋಗ್ತಾನ.'
ಎಷ್ಟು ಸಾವಿರ ಮಂದೀನ್ನ ನಕ್ಕೋಂತ ಕಳಿಸೀನಿ
ಅಲ್ಲಾನ ಬಲ್ಲ.

ಸಕ್ಕರಿ ಬ್ಯಾನಿ? ಐತ್ರಿ, ಬರಕೋರಿ.
ಹ್ವಾದ ವರ್ಷ ಹಿಮ್ಮಡದಾಗ ಸೂಜಿ ಮುರದಿತ್ತು.
ಎರಡು ದಿನ ಅದರ ಮ್ಯಾಲ ನಡದೀನಿ.
ಸೂಜಿ ಹಿಡದ ಹೊಟ್ಟಿ ಹೊರದಾಂವಗ
ಸೂಜಿ ಚುಚ್ಚಿದ್ದು ತಿಳೀಲಿಲ್ಲ ನೋಡ್ರಿ.
ಹಾಸಿಗಿ ಝಾಡಸಾಗ ರಕ್ತದ ಕಲಿ ಕಂಡಾಕಿ ಶಮಶಾದ್.

ನನ್ನ ಅಳತಿ? ತಗೋರಿ, ಉಸಿರು ಬಿಟ್ಟೀನಿ.
ನೂರಾ ನಾಲ್ಕು. ಅಂದ್ರ ನಲವತ್ತೊಂದು ಇಂಚು.
ಇರಾಕಿಲ್ಲ ಮೇಡಂ, ಹಾಕ್ಕೊಂಡಿದ್ದ ಪ್ಯಾಂಟು ಮೂವತ್ತೆಂಟಲ್ಲ?
ಹಾಂ.
ಚೀಟಿ ಹಚ್ಚಿದಾಂವ ನಾನ.

ಶಮಶಾದ್ ಒಳಗ ಅದಾಳ, ನೂಲು ಕತ್ತರಿಸ್ತಾಳ.
ಅಕಿ ಜಂಪರ ಹೊಲಿಯಾಂವ ನಾನ, ಆದ್ರ
ಅಕಿಗಿ ಟೇಪು ಸುತ್ತಿ ಹದಿನೆಂಟು ವರ್ಷ ಆತು.
ಹಳೀ ಜಂಪರ ಹಾಸಿ, ಅದರ ಅಂಚಿಗಿ
ಎರಡು ಬೆರಳು ಬಿಟ್ಟು ಕತ್ತರಿ ಹಾಕ್ತೀನಿ, ಪ್ರತಿ ರಂಜಾನಕ್ಕ.
ಅಕಿ ಕೇಳಿಲ್ಲ. ನಾ ಹೇಳಿಲ್ಲ.
ಈಗ ಮೆಟ್ಟಲ ಹತ್ತಾಗ ನಡುವ ನಿಂತು
ಕರೆಂಟ್ ಹೋತೇನು ಅಂತ ಸುಮ್ಮನ ಕೇಳ್ತಾಳ,
ಉಸಿರು ಸಿಗೂತನಕ.

ಕರೀತೀನಿ. ನೀವ ಅಳೀರಿ.
ನಾ ಆ ಕಡಿ ತಿರುಗಿ ನಿಂದ್ರತೀನಿ.
ಎಷ್ಟು ಬಂತೋ ಅಕಿಗ ಮೊದಲು ಹೇಳ್ರಿ.